ಊರಮನೆಯ ವಸ್ತುಗಳು ಫ್ಲ್ಯಾಟಿಗೆ ಬಂದಾಗ: ಆಯ್ಕೆ, ಆರೈಕೆ, ಜೋಡಣೆ

ಊರಿನ ಮನೆ ಪಾಲಾದಾಗ, ಮಾರಿದಾಗ ಅಥವಾ ಕೆಡವಿ ಹೊಸದು ಕಟ್ಟುವಾಗ ಅಲ್ಲಿನ ಸಾಮಾನು ನೋಡುನೋಡುತ್ತಲೇ ಚದುರಿಹೋಗುತ್ತದೆ. ಹಿತ್ತಾಳೆ ತೂಕಕ್ಕೆ ಹೋಗುತ್ತದೆ, ಮರ ಸೌದೆಯಾಗುತ್ತದೆ, ಫೋಟೊಗಳು ಯಾರದೋ ಅಟ್ಟ ಸೇರುತ್ತವೆ. ಆಮೇಲೆ ಅದೇ ಮನೆಯವರು ಹಳೇ ಸಾಮಾನಿನ ಅಂಗಡಿಯಿಂದ ಬೇರೆ ಯಾರದೋ ಮನೆಯ ಹಂಡೆ ಕೊಂಡು ತಂದು ಹಾಲ್‌ನಲ್ಲಿ ಇಡುತ್ತಾರೆ. ಅದೂ ಚಂದವೇ. ಆದರೆ ಮಗು ಬಂದು ‘ಇದು ಯಾರದು?’ ಎಂದು ಕೇಳಿದರೆ ಹೇಳಲು ಏನೂ ಇರುವುದಿಲ್ಲ. ಒಂದು ವಸ್ತು ಯಾರದು, ಎಲ್ಲಿಂದ ಬಂತು ಎಂದು ಗೊತ್ತಿದ್ದರೆ ಮಾತ್ರ ಅದು ಮನೆಗೆ ಗುರುತು ಕೊಡುತ್ತದೆ. ಹಾಗಾಗಿ ಅಲಂಕಾರದ ಕೆಲಸ ಶುರುವಾಗಬೇಕಾದದ್ದು ಫ್ಲ್ಯಾಟಿನಲ್ಲಲ್ಲ, ಊರಮನೆ ಇನ್ನೂ ನಿಂತಿರುವಾಗಲೇ.

ಸಾಮಾನು ಕದಲಿಸುವ ಮುನ್ನ

ಮೊದಲು ಪ್ರತಿ ಕೋಣೆಯ ನಾಲ್ಕೂ ಗೋಡೆಗಳ ಫೋಟೊ ತೆಗೆಯಿರಿ. ಯಾವ ಮೂಲೆಯಲ್ಲಿ ಏನಿತ್ತು, ನಾಗಂದಿಗೆಯ ಮೇಲೆ ಏನಿತ್ತು ಎಂಬುದು ಒಮ್ಮೆ ಖಾಲಿ ಮಾಡಿದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಆಮೇಲೆ ಬೇಕೆನಿಸಿದ ಒಂದೊಂದು ವಸ್ತುವಿನ ಪಕ್ಕ ಅಳತೆ ಟೇಪು ಇಟ್ಟು ಇನ್ನೊಂದು ಫೋಟೊ ತೆಗೆಯಿರಿ.

ಮನೆಯ ಹಿರಿಯರನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ಧ್ವನಿ ರೆಕಾರ್ಡ್ ಮಾಡಿ. ‘ಇದರ ಬಗ್ಗೆ ಹೇಳಿ ಅಜ್ಜಿ’ ಎಂದರೆ ‘ಏನಿದೆ ಹೇಳೋಕೆ, ಹಳೇದು’ ಅಂದುಬಿಡುತ್ತಾರೆ. ‘ಈ ಕೊಳಗದಲ್ಲಿ ಭತ್ತ ಅಳೀತಿದ್ದೋರು ಯಾರು?’, ‘ಈ ಹಂಡೆಗೆ ಬೆಸುಗೆ ಯಾಕೆ ಹಾಕಿಸಿದ್ರಿ?’, ‘ತೊಟ್ಟಿಲಲ್ಲಿ ಮೊದಲು ಮಲಗಿದ್ದು ಯಾವ ಮಗು?’ ಎಂದು ಬಿಡಿಬಿಡಿಯಾಗಿ ಕೇಳಿದರೆ ಮಾತು ತಾನಾಗಿ ಬರುತ್ತದೆ. ವಸ್ತುವಿಗೆ ರಟ್ಟಿನ ಚೀಟಿಯನ್ನು ಹತ್ತಿಯ ದಾರದಲ್ಲಿ ಕಟ್ಟಿ ಅದರ ಮೇಲೆ ಸಂಖ್ಯೆ ಬರೆಯಿರಿ. ಅದೇ ಸಂಖ್ಯೆಯಡಿ ಒಂದು ನೋಟ್‌ಬುಕ್ಕಿನಲ್ಲಿ ವಿವರ ಬರೆದಿಡಿ. ಸ್ಟಿಕ್ಕರ್, ಸೆಲೋಟೇಪು, ಮಾರ್ಕರ್ ಪೆನ್ನು ಬೇಡ. ಇವುಗಳ ಅಂಟು ಮತ್ತು ಮಸಿ ಮರ, ಬಟ್ಟೆಗಳ ಒಳಗಿಳಿದರೆ ತೆಗೆಯಲಾಗುವುದಿಲ್ಲ.

ಎಷ್ಟು ತರಬೇಕು? ಎರಡು ಮಲಗುವ ಕೋಣೆಯ ಫ್ಲ್ಯಾಟಿಗೆ ಕಣ್ಣಿಗೆ ಕಾಣುವಂತೆ ಹತ್ತು-ಹನ್ನೆರಡು ವಸ್ತುಗಳು ಸಾಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ದೊಡ್ಡದು ಒಂದು, ನಡುಗಾತ್ರದವು ಮೂರೋ ನಾಲ್ಕೋ, ಉಳಿದವು ಸಣ್ಣವು. ಅದಕ್ಕಿಂತ ಹೆಚ್ಚಾದರೆ ಮನೆ ಉಗ್ರಾಣದಂತೆ ಕಾಣುತ್ತದೆ, ಯಾವುದರ ಮೇಲೂ ಕಣ್ಣು ನಿಲ್ಲುವುದಿಲ್ಲ. ಒಡಹುಟ್ಟಿದವರ ನಡುವೆ ಹಂಚುವಾಗ ಜೋಡಿಗಳನ್ನು ಒಡೆಯಬೇಡಿ. ಸೇರು, ಪಾವು, ಚಟಾಕುಗಳ ಅಳತೆ ಸೆಟ್ಟು ಒಬ್ಬರ ಮನೆಯಲ್ಲಿ ಒಟ್ಟಾಗಿ ಇದ್ದರೇ ಅದಕ್ಕೆ ಅರ್ಥ. ಫೋಟೊಗಳ ಮೂಲ ಪ್ರತಿ ಒಬ್ಬರಿಗೆ ಹೋದರೆ ಸ್ಕ್ಯಾನ್ ಮಾಡಿದ್ದು ಎಲ್ಲರಿಗೂ ಸಿಗಲಿ.

ದೊಡ್ಡ ವಸ್ತುವಿನ ವಿಷಯದಲ್ಲಿ ಲಾರಿ ಹತ್ತಿಸುವ ಮೊದಲು ಫ್ಲ್ಯಾಟಿನ ಬಾಗಿಲು, ಲಿಫ್ಟಿನ ಒಳ ಎತ್ತರ ಮತ್ತು ಮೂಲೆಯಿಂದ ಮೂಲೆಗಿರುವ ಅಳತೆ, ಮೆಟ್ಟಿಲಿನ ತಿರುವು, ಮೂರನ್ನೂ ಅಳೆದುಕೊಳ್ಳಿ. ಎಂಟು ಅಡಿಯ ಕಂಬ ಲಿಫ್ಟಿನಲ್ಲಿ ಹಿಡಿಸದೆ, ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡು, ಕೊನೆಗೆ ಬುಡ ಕತ್ತರಿಸಿಕೊಳ್ಳುವುದು ತೀರಾ ಸಾಮಾನ್ಯ. ಕತ್ತರಿಸಿದ ಕಂಬವನ್ನು ಮತ್ತೆ ಕೂಡಿಸಲಾಗದು.

ಹುಳ ಹೊಸ ಮನೆಗೆ ಬರದಂತೆ

ಊರಿಂದ ಬಂದದ್ದನ್ನು ನೇರವಾಗಿ ಹಾಲ್‌ಗೆ ತರಬೇಡಿ. ಬಾಲ್ಕನಿಯಲ್ಲಿ ಬಿಳಿ ಬಟ್ಟೆ ಅಥವಾ ಕಾಗದ ಹಾಸಿ ಅದರ ಮೇಲೆ ಎರಡು ವಾರ ಇಡಿ. ಮರದ ಸಾಮಾನಿನ ಕೆಳಗೆ ಹಿಟ್ಟಿನಂಥ ಪುಡಿ ಉದುರಿದ್ದರೆ ಒಳಗೆ ಮರಕೊರಕ ಹುಳ ಜೀವಂತವಾಗಿದೆ ಎಂದು ಅರ್ಥ. ತೂತುಗಳಿದ್ದೂ ಪುಡಿ ಬೀಳದಿದ್ದರೆ ಅದು ಹಳೆಯ ಹುಳದ ಗುರುತು ಇರಬಹುದು. ಆದರೂ ಒಂದು ಮಳೆಗಾಲ ಕಣ್ಣಿಟ್ಟಿರಿ.

ಹುಳವಿದ್ದರೆ ಮರಕ್ಕೆಂದೇ ಮಾರುವ ಹುಳುನಾಶಕ ದ್ರಾವಣವನ್ನು ಸಿರಿಂಜಿನಲ್ಲಿ ಒಂದೊಂದು ತೂತಿಗೂ ಇಳಿಸಿ. ಅದು ಒಳಗಿಂದ ಬೇರೆ ತೂತಿನಲ್ಲಿ ಹೊರಬರುವುದೂ ಉಂಟು, ಕಣ್ಣಿಗೆ ಕನ್ನಡಕ ಇರಲಿ. ನಂತರ ತೂತುಗಳನ್ನು ಜೇನುಮೇಣದಿಂದ ಮುಚ್ಚಿ. ಮೇಣ ಮುಚ್ಚಿದ ಮೇಲೆ ಹೊಸ ತೂತು ಬಿದ್ದರೆ ಹುಳ ಇನ್ನೂ ಇದೆ ಎಂದು ತಕ್ಷಣ ತಿಳಿಯುತ್ತದೆ. ಬರೀ ವಾರ್ನಿಷ್ ಹೊಡೆದು ತೂತು ಮುಚ್ಚುವವರಿದ್ದಾರೆ. ಅದರಿಂದ ಒಳಗಿನ ಹುಳ ಸಾಯುವುದಿಲ್ಲ.

ಸಣ್ಣ ಬಟ್ಟೆ, ಕಾಗದ, ಪುಸ್ತಕಗಳಿಗೆ ವಿಷ ಬೇಡ. ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ, ಬಿಗಿಯಾಗಿ ಕಟ್ಟಿ, ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ಬೇಗ ಬಿಚ್ಚಿದರೆ ತಣ್ಣಗಿನ ಬಟ್ಟೆಯ ಮೇಲೆ ಹೊರಗಿನ ಗಾಳಿಯ ನೀರಂಶ ಕೂತು ಬೂಷ್ಟು ಹಿಡಿಯುತ್ತದೆ. ಫೋಟೊಗಳನ್ನು ಮಾತ್ರ ಹೀಗೆ ಮಾಡಬೇಡಿ.

ಫೋಟೊ ಮತ್ತು ಕಾಗದ

ಇಲ್ಲಿ ಒಂದು ನಿಯಮ ಸಾಕು: ಗೋಡೆಯ ಮೇಲೆ ಪ್ರತಿ, ಪೆಟ್ಟಿಗೆಯಲ್ಲಿ ಮೂಲ. ಬೆಳಕು ಬಿದ್ದಷ್ಟೂ ಫೋಟೊ ಮಾಸುತ್ತದೆ, ಅದನ್ನು ಹಿಂದಕ್ಕೆ ತರಲಾಗದು. 1970-80ರ ದಶಕದ ಕಲರ್ ಫೋಟೊಗಳು ಕಪ್ಪು-ಬಿಳುಪಿನವಕ್ಕಿಂತ ಬೇಗ ಕೆಡುತ್ತವೆ. ಅವು ಕೆಂಪಾಗುತ್ತ ಹೋಗುವುದು ಬಹಳ ಮನೆಗಳಲ್ಲಿ ಕಾಣುವ ದೃಶ್ಯ. ಹಾಗಾಗಿ ಸ್ಕ್ಯಾನಿಂಗ್ ಅವುಗಳಿಂದಲೇ ಶುರುವಾಗಲಿ.

ಅಂಗೈಯಗಲದ ಫೋಟೊಗಳನ್ನು 600 ಡಿಪಿಐನಲ್ಲಿ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ), ಪಾಸ್‌ಪೋರ್ಟ್ ಅಳತೆಯವನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಕಪ್ಪು-ಬಿಳುಪಿನದ್ದಾದರೂ ಕಲರ್ ಸ್ಕ್ಯಾನ್ ಮಾಡುವುದೇ ಒಳ್ಳೆಯದು, ಕಲೆಗಳನ್ನು ಆಮೇಲೆ ತೆಗೆಯುವುದು ಸುಲಭ. ಒಂದು ಪ್ರತಿ ಗುಣಮಟ್ಟ ಕುಗ್ಗಿಸದ ಟಿಫ್ (TIFF) ಫೈಲಿನ ರೂಪದಲ್ಲಿರಲಿ. ವಾಟ್ಸ್ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಗಾತ್ರ ಕುಗ್ಗಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. ಹಿಂಬದಿಯ ಬರಹವನ್ನೂ ಸ್ಟುಡಿಯೊದ ಮೊಹರನ್ನೂ ಸ್ಕ್ಯಾನ್ ಮಾಡಿ, ಫೋಟೊದ ಕಾಲ ಹೇಳುವುದು ಹೆಚ್ಚಾಗಿ ಅವೇ.

ಕೆಡಿಸುವ ಕೆಲಸಗಳು ಇವು:

- ಲ್ಯಾಮಿನೇಷನ್. ಬಿಸಿ ಮತ್ತು ಅಂಟು ಒಟ್ಟಿಗೆ ಕೆಲಸ ಮಾಡುತ್ತವೆ, ಒಮ್ಮೆ ಮಾಡಿದರೆ ಬಿಡಿಸಲಾಗದು.
- ಗಾಜಿಗೆ ಅಂಟಿದ ಫೋಟೊವನ್ನು ಎಳೆಯುವುದು. ತೇವಕ್ಕೆ ಫೋಟೊದ ಮೇಲ್ಪದರ ಗಾಜಿಗೆ ಹಿಡಿದಿರುತ್ತದೆ. ಎಳೆದರೆ ಮುಖವೇ ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ ಹಾಗೆಯೇ ಎತ್ತಿಡಿ.
- ಅಂಟುಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಆಲ್ಬಮ್ಮುಗಳು. ಅಂಟು ಹಳದಿಯಾಗಿ ಫೋಟೊಗೆ ಹತ್ತುತ್ತದೆ. ಇಂಥದರಲ್ಲಿದ್ದರೆ ಹಲ್ಲಿನ ಸಂದು ಶುಚಿ ಮಾಡುವ ಡೆಂಟಲ್ ಫ್ಲಾಸ್ ದಾರವನ್ನು ಫೋಟೊದ ಹಿಂದೆ ಆಚೀಚೆ ಎಳೆದು ನಿಧಾನ ಬಿಡಿಸಿ. ಬಿಡದಿದ್ದರೆ ಬಲವಂತ ಬೇಡ.

ಹೊಸ ಫ್ರೇಮು ಮಾಡಿಸುವಾಗ ಅಂಗಡಿಯವರಿಗೆ ಎರಡು ಮಾತು ಸ್ಪಷ್ಟವಾಗಿ ಹೇಳಿ: ಆಸಿಡ್ ಇಲ್ಲದ ಮೌಂಟ್ ಬೋರ್ಡ್ (ಫೋಟೊ ಸುತ್ತ ಕೂರಿಸುವ ದಪ್ಪ ರಟ್ಟು) ಹಾಕಬೇಕು, ಫೋಟೊ ಗಾಜಿಗೆ ತಾಗಬಾರದು. ಮೌಂಟಿನ ದಪ್ಪವೇ ಆ ಅಂತರ ಕೊಡುತ್ತದೆ. ಫೋಟೊ ಸುತ್ತ ಎರಡು ಇಂಚು ಮೌಂಟ್ ಬಿಟ್ಟರೆ ಸಣ್ಣ ಚಿತ್ರಕ್ಕೂ ಗಾಂಭೀರ್ಯ ಬರುತ್ತದೆ. ಮೈದಾ ಅಂಟಿನಲ್ಲಿ ಹಿಂಬದಿಗೆ ಕಾಗದ ಅಂಟಿಸುವುದು ಬೇಡ, ಸಿಲ್ವರ್‌ಫಿಶ್ ಎನ್ನುವ ಬೆಳ್ಳಿ ಬಣ್ಣದ ಹುಳಕ್ಕೆ ಆ ಅಂಟೇ ಊಟ.

ಗೋಡೆಗೆ ಏನು ಹೋಗಬೇಕು ಎಂಬುದರಲ್ಲೂ ಸ್ವಲ್ಪ ಧೈರ್ಯ ಬೇಕು. ಎಲ್ಲರೂ ಸಾಲಾಗಿ ಕುಳಿತ ಮದುವೆ ಗ್ರೂಪ್ ಫೋಟೊ ಒಂದಿರಲಿ. ಅದರ ಜೊತೆ ಅಜ್ಜಿ ಕೈಬರಹದ ಹಪ್ಪಳದ ಲೆಕ್ಕ, ಅಜ್ಜ ಬರೆದ ಇನ್‌ಲ್ಯಾಂಡ್ ಲೆಟರ್, ಹಳೆಯ ಬಸ್ ಪಾಸು, ಮನೆ ಕಟ್ಟಿದಾಗಿನ ಜಮಾಖರ್ಚಿನ ಹಾಳೆ, ಇವುಗಳಲ್ಲಿ ಒಂದನ್ನು ಸ್ಕ್ಯಾನ್ ಮಾಡಿ ಎರಡು ಪಟ್ಟು ದೊಡ್ಡದಾಗಿ ಮ್ಯಾಟ್ ಕಾಗದದ ಮೇಲೆ ಮುದ್ರಿಸಿ. ಬಂದವರು ನಿಂತು ಓದುವುದು ಅದನ್ನೇ.

ಸೀರೆ ಮತ್ತು ಕೌದಿ

ಸೀರೆ ಕತ್ತರಿಸಿ ಕುಷನ್ ಕವರ್ ಮಾಡುವ ಮೊದಲು ಅದರ ಸ್ಥಿತಿ ನೋಡಿ. ಬೆಳಕಿಗೆ ಹಿಡಿದಾಗ ಮಡಿಕೆಯ ಗೆರೆಗಳಲ್ಲಿ ಎಳೆ ಬಿಟ್ಟಿದ್ದರೆ ಆ ರೇಷ್ಮೆ ಕುಷನ್ನಿಗೆ ತಡೆಯುವುದಿಲ್ಲ, ಕೂತ ಕೂಡಲೇ ಸೀಳುತ್ತದೆ. ಅಂಥದನ್ನು ಫ್ರೇಮ್ ಮಾಡಬೇಕು. ಇಳಕಲ್ ಸೀರೆಯಾದರೆ ಟೋಪಿ ತೆನೆಯ ಸೆರಗು ಮತ್ತು ಒಡಲು ಕೂಡುವ ಭಾಗವನ್ನೇ ತೋರಿಸಿ. ಸೆರಗಿನ ಹಾಸು (ಉದ್ದುದ್ದ ಎಳೆಗಳು) ಮತ್ತು ಒಡಲಿನ ಹಾಸನ್ನು ಕೊಂಡಿಗಳಿಂದ ಕೂಡಿಸಿದ್ದು ಅಲ್ಲಿ ಕಾಣುತ್ತದೆ. ಆ ನೇಯ್ಗೆಯ ವಿಶೇಷವೇ ಅದು.

ಫ್ರೇಮಿಗೆ ಕೂರಿಸುವ ಬಗೆ: ಗಂಜಿ ಹೋಗುವಂತೆ ಒಗೆದು ಒಣಗಿಸಿದ ದಪ್ಪ ಹತ್ತಿ ಬಟ್ಟೆಯನ್ನು ಹಲಗೆಗೆ ಬಿಗಿಯಾಗಿ ಎಳೆದು ಹೊದಿಸಿ. ಅದರ ಮೇಲೆ ಸೀರೆಯ ಭಾಗ ಹರಡಿ, ಅದೇ ಬಣ್ಣದ ಸಣ್ಣ ದಾರದಿಂದ ಸುತ್ತಲೂ ಒಂದೊಂದು ಇಂಚಿಗೆ ಒಂದು ಟಾಕಿ ಹಾಕಿ. ಫೆವಿಕಾಲು, ಡಬಲ್ ಟೇಪು ಸೇರಿಸಲೇಬೇಡಿ. ಗಾಜಿಗೂ ಬಟ್ಟೆಗೂ ನಡುವೆ 10 ಮಿ.ಮೀ. ಅಂತರ ಬೇಕು, ಫ್ರೇಮಿನ ಒಳ ಅಂಚಿಗೆ ಸಣ್ಣ ಪಟ್ಟಿ ಕೊಟ್ಟರೆ ಅದು ಸಿಗುತ್ತದೆ. ಉಳಿದ ಸೀರೆಯನ್ನು ಕತ್ತರಿಸದೆ ಹಿಂದಕ್ಕೆ ಮಡಚುವಷ್ಟು ಆಳದ ಪೆಟ್ಟಿಗೆ ಫ್ರೇಮ್ ಮಾಡಿಸಿದರೆ ಇನ್ನೂ ಒಳ್ಳೆಯದು.

ಎತ್ತಿಟ್ಟ ಸೀರೆಗಳನ್ನು ಆರು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಗೆರೆಯಲ್ಲಿ ಮಡಚಿ. ಜರಿಗೆ ನುಸಿಗುಳಿಗೆ ತಾಗಿದರೆ ಕಪ್ಪಾಗುತ್ತದೆ. ಬಜೆ ಬೇರು ಅಥವಾ ಒಣಗಿದ ಬೇವಿನ ಎಲೆಯನ್ನು ತೆಳು ಬಟ್ಟೆಯ ಗಂಟಿನಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿಡಿ, ಸೀರೆಗೆ ತಾಗಿಸಬೇಡಿ.

ಗಟ್ಟಿಯಾಗಿರುವ ಹತ್ತಿ ಸೀರೆ, ಪಂಚೆ, ಮಕ್ಕಳ ಲಂಗಗಳಿಗೆ ಕೌದಿಗಿಂತ ಒಳ್ಳೆಯ ದಾರಿಯಿಲ್ಲ. ಒಂದೇ ಕೌದಿಯಲ್ಲಿ ಮೂರು ತಲೆಮಾರಿನ ಬಟ್ಟೆ ಹಿಡಿಸುತ್ತದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಯಲ್ಲಿ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತದೆ, ಮೂಲೆಗಳಿಗೆ ಮಡಚಿದ ಬಟ್ಟೆಯ ‘ಫುಲ’ ಎಂಬ ಹೂಗಳನ್ನು ಇಡುತ್ತಾರೆ. ಹೊಲಿಯಲು ಕೊಡುವ ಮುನ್ನ ಬಟ್ಟೆಗಳನ್ನೆಲ್ಲ ಬೇರೆ ಬೇರೆ ಒಗೆದು ಬಣ್ಣ ಬಿಡುತ್ತದೆಯೇ ನೋಡಿ. ಒಂದು ಕೆಂಪು ತುಂಡು ಮೊದಲ ಒಗೆತದಲ್ಲೇ ಇಡೀ ಕೌದಿ ಹಾಳು ಮಾಡಬಲ್ಲದು. ಸಂಭಾವನೆಯನ್ನು ಬಟ್ಟೆಯ ಬೆಲೆಯಿಂದಲ್ಲ, ಕೈಹೊಲಿಗೆಯ ದಿನಗಳಿಂದ ಲೆಕ್ಕ ಹಾಕಿ ಕೊಡಿ.

ಕೌದಿಯನ್ನು ಗೋಡೆಗೆ ಹಾಕುವುದಾದರೆ ಮೊಳೆ ಹೊಡೆಯಬೇಡಿ, ಭಾರವೆಲ್ಲ ಎರಡು ತೂತಿನ ಮೇಲೆ ಬಿದ್ದು ಬಟ್ಟೆ ಹರಿಯುತ್ತದೆ. ಹಿಂಬದಿಯಲ್ಲಿ ಮೇಲಂಚಿಗೆ ನಾಲ್ಕು ಇಂಚು ಅಗಲದ ಬಟ್ಟೆಯನ್ನು ಕೊಳವೆಯಂತೆ ಉದ್ದಕ್ಕೂ ಹೊಲಿದು, ಅದರೊಳಗೆ ಮರದ ಕೋಲು ತೂರಿಸಿ, ಕೋಲನ್ನು ನೇತುಹಾಕಿ. ಮೂರು-ನಾಲ್ಕು ತಿಂಗಳಿಗೊಮ್ಮೆ ಇಳಿಸಿ ಹೊದ್ದುಕೊಳ್ಳಲು ಬಳಸಿ. ಕೌದಿ ಇರುವುದೇ ಅದಕ್ಕೆ.

ಹಿತ್ತಾಳೆ, ತಾಮ್ರ, ಬಿದರಿ

ಹಳೆ ಪಾತ್ರೆಯ ಕಂಠದ ಕೆಳಗೆ ಬೆರಳಾಡಿಸಿ ನೋಡಿ. ಚುಕ್ಕೆಚುಕ್ಕೆಯಾಗಿ ಕೊರೆದ ಹೆಸರು, ಇನಿಷಿಯಲ್, ಕೆಲವೊಮ್ಮೆ ಮದುವೆಯ ತಾರೀಖು ಸಿಗುತ್ತದೆ. ಇಡೀ ಪಾತ್ರೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಅದು. ಪಾಲಿಶ್ ಅಂಗಡಿಗೆ ಕೊಟ್ಟರೆ ಬಫಿಂಗ್ ಚಕ್ರ ಆ ಅಕ್ಷರಗಳನ್ನು ಅಳಿಸಿಬಿಡುತ್ತದೆ. ಮನೆಯಲ್ಲೇ ತೊಳೆಯಿರಿ: ನಿಂಬೆಗಾತ್ರದ ಹುಣಸೆಹಣ್ಣು ನೆನೆಸಿ, ಚಿಟಿಕೆ ಉಪ್ಪು ಸೇರಿಸಿ, ಬಟ್ಟೆಯಲ್ಲಿ ಉಜ್ಜಿ, ಹತ್ತು ನಿಮಿಷದೊಳಗೆ ಸೋಪುನೀರಿನಲ್ಲಿ ತೊಳೆದು ಒಡನೆ ಒರೆಸಿ. ಹುಳಿಯಲ್ಲಿ ಗಂಟೆಗಟ್ಟಲೆ ಬಿಟ್ಟರೆ ಹಿತ್ತಾಳೆಯ ಸತುವು ಕರಗಿ ಮೇಲ್ಮೈ ಗುಲಾಬಿ ತಿರುಗುತ್ತದೆ. ನೀರು ಹಾಗೇ ಆರಲು ಬಿಟ್ಟರೆ ಕಲೆ ಉಳಿಯುತ್ತದೆ. ಇಡುವಾಗ ಹೆಸರಿನ ಬದಿ ಎದುರಿಗೆ ಬರಲಿ.

ಹಂಡೆಯಲ್ಲಿ ಗಿಡ ನೆಡುವುದಾದರೆ ಒಳಗೆ ಪ್ಲಾಸ್ಟಿಕ್ ಕುಂಡ ಇಡಿ. ಹಸಿ ಮಣ್ಣು, ಗೊಬ್ಬರ ನೇರ ತಾಗಿದರೆ ಲೋಹ ಹಸಿರು ಹಿಡಿದು ತಳ ತಿನ್ನುತ್ತದೆ. ಉರುಳಿಯಲ್ಲಿ ನೀರು-ಹೂ ಇಡುವವರು ವಾರಕ್ಕೆ ಎರಡು ಸಲ ನೀರು ಚೆಲ್ಲಿ ಒಳಬದಿ ಉಜ್ಜಬೇಕು. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಅಡುಗೆಗೆ ಬಳಸುವ ಹಿತ್ತಾಳೆ ಪಾತ್ರೆಗೆ ಕಲಾಯಿ ಇರಲೇಬೇಕು.

ಬಿದರಿ ಸಾಮಾನಿಗೆ ಇದಾವುದೂ ಸಲ್ಲದು. ಸತು-ತಾಮ್ರದ ಮಿಶ್ರಲೋಹಕ್ಕೆ ಬೀದರ್ ಕೋಟೆಯ ಮಣ್ಣಿನಿಂದ ಬರಿಸಿದ ಕಪ್ಪೇ ಅದರ ಜೀವ. ಹುಣಸೆಹಣ್ಣು, ಪೀತಾಂಬರಿ ಹಾಕಿ ತಿಕ್ಕಿದರೆ ಕಪ್ಪು ಎದ್ದುಹೋಗಿ ಬೂದು ಬಣ್ಣದ ಲೋಹ ಉಳಿಯುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಎರಡು ಹನಿ ಕೊಬ್ಬರಿ ಎಣ್ಣೆ ಸವರಿ, ಮತ್ತೆ ಒಣಬಟ್ಟೆಯಲ್ಲಿ ಎಣ್ಣೆ ತೆಗೆಯಿರಿ.

ಮರ: ಬಾಗಿಲು, ಕಂಬ, ತೂಗುಮಣೆ

ಹಳೆ ಬಣ್ಣವಿರುವ ಬಾಗಿಲು, ಕಿಟಕಿ, ತೊಟ್ಟಿಲುಗಳನ್ನು ಒಣದಾಗಿ ಉಜ್ಜಬೇಡಿ. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಹಳೆ ಎನಾಮೆಲ್‌ನಲ್ಲಿ ಸೀಸ ಇದೆಯೆಂದೇ ತಿಳಿದು, ನೀರು ಚಿಮುಕಿಸಿ ವಾಟರ್ ಪೇಪರಿನಲ್ಲಿ ಉಜ್ಜಿ. ಮಕ್ಕಳೂ ಗರ್ಭಿಣಿಯರೂ ಹತ್ತಿರ ಇರಬಾರದು, ಒರೆಸಿದ ಬಟ್ಟೆಯನ್ನು ಬಿಸಾಡಿ.

ಬಾಗಿಲನ್ನು ಊಟದ ಮೇಜು ಮಾಡುವುದಾದರೆ ನೆಲದಿಂದ ಮೇಲ್ಮೈಗೆ 30 ಇಂಚು, ಟೀಪಾಯಿಯಾದರೆ 16ರಿಂದ 18. ಮೇಲೆ 8 ಅಥವಾ 10 ಮಿ.ಮೀ. ಟಫನ್ಡ್ ಗಾಜು ಹಾಕಿ, ಗಾಜಿನ ಕೆಳಗೆ ಪಾರದರ್ಶಕ ರಬ್ಬರ್ ಬಿಲ್ಲೆಗಳಿರಲಿ. ಅಗುಳಿ, ಚಿಲಕ, ಸರಪಳಿ ಕಿತ್ತುಹಾಕಬೇಡಿ. ಕಾಲುಗಳನ್ನು ಬಾಗಿಲಿಗೆ ನೇರವಾಗಿ ತಿರುಪು ಹಾಕದೆ ಕೆಳಗೊಂದು ಚೌಕಟ್ಟು ಮಾಡಿ ಅದರ ಮೇಲೆ ಬಾಗಿಲು ಕೂರಿಸಿದರೆ, ಮುಂದೊಂದು ದಿನ ಅದು ಮತ್ತೆ ಬಾಗಿಲಾಗಬಲ್ಲದು.

ಕಂಬವನ್ನು ಬರಿದೇ ನಿಲ್ಲಿಸಬಾರದು. ಕೆಳಗೊಂದು, ಮೇಲೊಂದು ಎಲ್ ಕ್ಲಾಂಪಿನಿಂದ ಗೋಡೆಗೆ ಬಿಗಿಯಿರಿ. ಬುಡ ನೆಲಕ್ಕೆ ತಾಗದಂತೆ ಕಲ್ಲಿನ ಬಿಲ್ಲೆ ಕೊಟ್ಟರೆ ನೆಲ ಒರೆಸುವ ನೀರು ಮರಕ್ಕೆ ಹತ್ತುವುದಿಲ್ಲ.

ತೂಗುಮಣೆಯ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಕಟ್ಟಡದ ಎಂಜಿನಿಯರನ್ನು ಕೇಳದೆ ಸ್ಲ್ಯಾಬಿಗೆ ಡ್ರಿಲ್ ಹಾಕಬೇಡಿ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಕೆಲವಕ್ಕೆ ಒಳಗೆ ಬಿಗಿದ ಉಕ್ಕಿನ ಕೇಬಲ್‌ಗಳಿರುವ ಪೋಸ್ಟ್ ಟೆನ್ಷನ್ ಸ್ಲ್ಯಾಬ್ ಇರುತ್ತದೆ, ಅದಕ್ಕೆ ಬಿಟ್ ತಾಗುವುದು ಅಪಾಯ. ಒಪ್ಪಿಗೆ ಸಿಗದಿದ್ದರೆ ನೆಲದ ಮೇಲೆ ನಿಲ್ಲುವ ಚೌಕಟ್ಟಿಗೆ ಅದೇ ಮಣೆ, ಅದೇ ಸರಪಳಿ ಕೂಡಿಸಿ. ಹಿಂದೆ ಮುಂದೆ ಮೂರು ಮೂರು ಅಡಿ ಜಾಗ ಬೇಕು.

ಗೋಡೆಗೆ ಏರಿಸುವುದು

1. ಪ್ರತಿ ಫ್ರೇಮಿನ ಅಳತೆಗೆ ಹಳೆ ಪೇಪರ್ ಕತ್ತರಿಸಿ, ಕೊಂಡಿ ಬರುವ ಜಾಗ ಗುರುತಿಸಿ, ಮಾಸ್ಕಿಂಗ್ ಟೇಪಿನಿಂದ ಗೋಡೆಗೆ ಅಂಟಿಸಿ. ಎರಡು ದಿನ ಹಾಗೆಯೇ ಬಿಟ್ಟು ನೋಡಿ. ಬದಲಾಯಿಸಬೇಕು ಎನಿಸುವುದು ಸಾಮಾನ್ಯವಾಗಿ ಎರಡನೆಯ ದಿನ.
2. ಚಿತ್ರದ ನಡುಬಿಂದು ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿರಲಿ. ನಮ್ಮ ಮನೆಗಳಲ್ಲಿ ಫೋಟೊಗಳನ್ನು ಬಾಗಿಲಿನ ಮೇಲೆ ಹಾಕುವ ರೂಢಿಯಿದೆ. ಅಲ್ಲಿ ಹಾಕಿದ್ದನ್ನು ಯಾರೂ ನೋಡುವುದಿಲ್ಲ. ಸೋಫಾದ ಮೇಲಾದರೆ ಅದರ ಬೆನ್ನಿನಿಂದ ಆರೇಳು ಇಂಚು ಮೇಲಕ್ಕೆ. ಫ್ರೇಮುಗಳ ನಡುವೆ ಎರಡರಿಂದ ಮೂರು ಇಂಚು.
3. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ಡ್ರಿಲ್ ಬೇಡ, ವೈರಿನ ಪೈಪು ಅಲ್ಲೇ ಹೋಗಿರುತ್ತದೆ. ಬಚ್ಚಲುಮನೆಗೆ ಅಂಟಿದ ಗೋಡೆಯಲ್ಲಿ ನೀರಿನ ಪೈಪು ಇರಬಹುದು.
4. 6 ಮಿ.ಮೀ. ಮೇಸನ್ರಿ ಬಿಟ್, ಅದೇ ಅಳತೆಯ ಪ್ಲಗ್, ಒಂದೂವರೆ ಇಂಚಿನ ತಿರುಪು. ಗಾರೆಯೇ ಅರ್ಧ ಇಂಚು ಇರುವುದರಿಂದ ಪ್ಲಗ್ ಅದನ್ನು ದಾಟಿ ಇಟ್ಟಿಗೆಗೆ ಹೋಗಬೇಕು. ಗಾರೆಯಲ್ಲೇ ನಿಂತರೆ ವರ್ಷದೊಳಗೆ ಫ್ರೇಮು ಕೆಳಗೆ ಬೀಳುತ್ತದೆ. ಪೂರ್ತಿ ಕಾಂಕ್ರೀಟಿನ ಗೋಡೆಗೆ ಹ್ಯಾಮರ್ ಡ್ರಿಲ್ ಬೇಕು.
5. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿ. ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡುತ್ತದೆ. ಮಲೆನಾಡು, ಕರಾವಳಿಯಲ್ಲಿ ಮಳೆ ಹೊಡೆಯುವ ಹೊರಗೋಡೆಗೆ ಫೋಟೊ ಹಾಕಲೇಬೇಡಿ.

ಬಾಡಿಗೆ ಮನೆಯಾದರೆ ಒಂದು ಉದ್ದನೆಯ ಹಲಗೆಯನ್ನು ಮೇಜಿನ ಮೇಲೆ ಗೋಡೆಗೆ ಒರಗಿಸಿ, ಅದರ ಮೇಲೆ ಫ್ರೇಮುಗಳನ್ನು ಜೋಡಿಸಬಹುದು. ಅಂಟುವ ಕೊಕ್ಕೆಗಳು ಸುಣ್ಣ ಅಥವಾ ಡಿಸ್ಟೆಂಪರ್ ಗೋಡೆಯಲ್ಲಿ ಪದರ ಸಮೇತ ಕಿತ್ತುಬರುತ್ತವೆ.

ದೀಪ 2700ರಿಂದ 3000 ಕೆಲ್ವಿನ್ನಿನ, ಅಂದರೆ ಹಳದಿ ಛಾಯೆಯ ಬೆಳಕಿನ ಎಲ್‌ಇಡಿ ಇರಲಿ. ಸುಮಾರು 30 ಡಿಗ್ರಿ ಓರೆಯಿಂದ ಬಿದ್ದರೆ ಗಾಜಿನಲ್ಲಿ ಪ್ರತಿಬಿಂಬ ಕಾಣದು. ಬಟ್ಟೆಯ ಮೇಲೆ ಬೀಳುವ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರದಂತೆ ವಸ್ತುಸಂಗ್ರಹಾಲಯಗಳು ನೋಡಿಕೊಳ್ಳುತ್ತವೆ. ಮನೆಯಲ್ಲಿ ಅಷ್ಟು ಸಾಧ್ಯವಾಗದಿದ್ದರೂ ಪಶ್ಚಿಮದ ಬಿಸಿಲು ನೇರ ಬೀಳುವ ಗೋಡೆಯನ್ನು ಖಾಲಿ ಬಿಡಿ.

ಕಾನೂನು ತಡೆಯುವ ವಸ್ತುಗಳು

ಜಿಂಕೆ, ಕಡವೆಯ ಕೊಂಬು, ಹುಲಿಯುಗುರು, ಆನೆದಂತದ ಸಾಮಾನು ಹಳೆಯ ಮನೆಗಳಲ್ಲಿ ಈಗಲೂ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮಾಲೀಕತ್ವದ ಪ್ರಮಾಣಪತ್ರ ಇಲ್ಲದೆ ಇವನ್ನು ಇಟ್ಟುಕೊಳ್ಳುವುದು ಅಪರಾಧ, ಅಜ್ಜನ ಕಾಲದ್ದು ಎಂಬ ಮಾತು ನಡೆಯದು. ಸಾಗಿಸುವ ಮುನ್ನ ವಕೀಲರನ್ನೋ ಅರಣ್ಯ ಇಲಾಖೆಯನ್ನೋ ಕೇಳಿ.

ನೂರು ವರ್ಷ ದಾಟಿದ ವಿಗ್ರಹ, ಚಿತ್ರ, ಕಲಾವಸ್ತುಗಳು ಮತ್ತು 75 ವರ್ಷ ದಾಟಿದ, ಮಹತ್ವವುಳ್ಳ ಹಸ್ತಪ್ರತಿಗಳು 1972ರ ಪುರಾವಸ್ತು ಕಾಯ್ದೆಯಡಿ ಬರುತ್ತವೆ. ಖಾಸಗಿಯವರು ಅವನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಹಳೆಯದಾಗಿ ಕಾಣುವ ದೀಪ, ವಿಗ್ರಹ ಕಳಿಸುವಾಗ ಅದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆದಿಟ್ಟುಕೊಳ್ಳಿ. ಕೌದಿ, ಫೋಟೊ ಪ್ರತಿ, ಹೆಸರು ಕೊರೆದ ಐವತ್ತು ವರ್ಷದ ಲೋಟಕ್ಕೆ ಈ ತೊಡಕಿಲ್ಲ.

ವರ್ಷಕ್ಕೊಮ್ಮೆ

ಮಳೆಗಾಲ ಮುಗಿದು ನವರಾತ್ರಿಗೆ ಮನೆ ಶುಚಿ ಮಾಡುವಾಗ ಫ್ರೇಮುಗಳನ್ನು ಇಳಿಸಿ ಹಿಂಬದಿ ನೋಡಿ. ಬೂಷ್ಟು ಕಂಡರೆ ಬಿಚ್ಚಿ, ನೆರಳಿನಲ್ಲಿ ಆರಿಸಿ, ಮೆತ್ತನೆಯ ಬ್ರಷ್ಷಿನಿಂದ ಹೊರಗೆ ನಿಂತು ತೆಗೆಯಿರಿ. ಒದ್ದೆ ಬಟ್ಟೆ ಹಾಕಿದರೆ ಅದು ಇನ್ನಷ್ಟು ಹರಡುತ್ತದೆ. ಮೂಲ ಫೋಟೊಗಳ ಪೆಟ್ಟಿಗೆಯಲ್ಲಿನ ಸಿಲಿಕಾ ಜೆಲ್ ಬಣ್ಣ ತಿರುಗಿದ್ದರೆ ಬದಲಿಸಿ. ಮರಕ್ಕೆ ಜೇನುಮೇಣದ ಪಾಲಿಶ್ ತೆಳ್ಳಗೆ ಸವರಿ. ಸ್ಕ್ಯಾನ್ ಪ್ರತಿಗಳು ಇನ್ನೊಂದು ಊರಿನಲ್ಲಿರುವ ನಂಟರ ಹಾರ್ಡ್ ಡಿಸ್ಕಿನಲ್ಲೂ ತೆರೆಯುತ್ತವೆಯೇ ಎಂದು ಅದೇ ವಾರ ಫೋನು ಮಾಡಿ ಕೇಳಿ. ನೋಟ್‌ಬುಕ್ಕಿನಲ್ಲಿ ಹೆಸರು ಗೊತ್ತಿಲ್ಲದೆ ಖಾಲಿ ಬಿಟ್ಟ ಸಾಲುಗಳಿದ್ದರೆ ಹಬ್ಬಕ್ಕೆ ಬಂದ ಹಿರಿಯರ ಮುಂದೆ ಇಡಿ.